ತೀನತಾಲಕ್ಕೆ ಕವಾಯತು ಮಾಡಿಸಿದ ಪೀಟಿ ಸರ್

ಹೋದ ತಿಂಗಳ ಕೊನೆಗೆ ಪೀಟಿ ಸರ್ ನಿವೃತ್ತರಾದರು. ನಾನು ಅವರ ಕೈಯಲ್ಲಿ ಕಲಿತವಳಲ್ಲ, ಅವರ ಶಾಲೆಯಲ್ಲಿ ನೌಕರಿ ಮಾಡಿದವಳೂ ಅಲ್ಲ. ಆದರೂ ಬೀಳ್ಕೊಡುಗೆಯ ದಿನ ನನ್ನನ್ನು ಹುಡುಕಿ ಮುಂದಿನ ಸಾಲಿನಲ್ಲಿ ಕೂರಿಸಿ, ಪಕ್ಕದಲ್ಲಿದ್ದವರಿಗೆ, "ಇವರು ನಮ್ಮ ಹಾಡಿನ ಅಕ್ಕಾರು. ನನ್ನ ಪೀರಿಡ್ ಕಸಗೊಂಡಾವ್ರು ಇವ್ರs ನೋಡ್ರಿ" ಎಂದು ಪರಿಚಯ ಮಾಡಿಕೊಟ್ಟರು. ಏಳು ವರ್ಷವಾಗಿದ್ದರೂ ಆ ಆಪಾದನೆಯನ್ನು ಅವರು ಕೈಬಿಟ್ಟಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಅವರ ಊರಿನ ಅರ್ಧ ಮಂದಿಗೆ ಯಾರೆಂದು ತಿಳಿಯಲಿಕ್ಕಿಲ್ಲ. ಹೊಸದಾಗಿ ಬಂದ ಅಂಚೆಯವನು ಅವರ ಹೆಸರಿನ ಲಕೋಟೆ ಹಿಡಿದು ಮೂರು ಓಣಿ ತಿರುಗಿ, ಕಡೆಗೆ ಶಾಲೆಗೇ ಬಂದು ಅವರನ್ನೇ ಕೇಳಿದ್ದನಂತೆ. "ಯಾರೋ ಏನೋ, ಪೀಟಿ ಸರನ ಕೇಳ್ರಿ ಅಂದ್ರು" ಅಂದನಂತೆ.

ಆಪಾದನೆ ಸುಳ್ಳೇನೂ ಅಲ್ಲ. ಆಗ ನಾನು ಬೆಳಗಾವಿಯಲ್ಲಿ ಸಂಗೀತದ ಎಂ.ಎ. ಓದುತ್ತಿದ್ದೆ. ನಮ್ಮ ವಿಭಾಗದವರು ಹಳ್ಳಿಯ ಪ್ರಾಥಮಿಕ ಶಾಲೆಗಳ ಜೊತೆ ಕೂಡಿ ಒಂದು ಯೋಜನೆ ಶುರುಮಾಡಿದ್ದರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಒಂದೊಂದು ಶಾಲೆ. ಒಂದೊಂದಕ್ಕೆ ನಮ್ಮಲ್ಲಿ ಒಬ್ಬರು. ವಾರಕ್ಕೊಮ್ಮೆ ಹೋಗಿ ಮಕ್ಕಳಿಗೆ ಹಾಡು ಕಲಿಸಬೇಕು. ವರ್ಷದ ಕೊನೆಗೆ ಐದೂ ಶಾಲೆಯ ಮಕ್ಕಳು ವಿಶ್ವವಿದ್ಯಾಲಯದ ಸಭಾಭವನದಲ್ಲಿ ಹಾಡಬೇಕು. ಅದರ ಮೇಲೆ ನಮಗೆ ಅಂಕ.

ನನ್ನ ಪಾಲಿಗೆ ಬಂದದ್ದು ಶಿರಗುಪ್ಪಿಯಿಂದ ಮೂರು ಕಿಲೋಮೀಟರ್ ಆಚೆ, ಕಬ್ಬಿನ ಹೊಲಗಳ ನಡುವಿನ ಒಂದು ಕನ್ನಡ ಶಾಲೆ. ನಮ್ಮೂರು ಮುಗಳಖೋಡವಾದರೂ ಶಿರಗುಪ್ಪಿಯಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಶುಕ್ರವಾರ ಸಂಜೆ ಅಲ್ಲಿಗೆ ಬಂದು, ಶನಿವಾರ ಮುಂಜಾನೆ ಟಂಟಂ ಆಟೋ ಹಿಡಿಯುತ್ತಿದ್ದೆ. ಶನಿವಾರ ನಮಗೆ ತರಗತಿ ಇರಲಿಲ್ಲ, ಅದಕ್ಕೇ ಆ ದಿನ. ಆದರೆ ಹಳ್ಳಿಯ ಶಾಲೆಗಳಲ್ಲಿ ಶನಿವಾರದ ಮೊದಲ ಎರಡು ಪೀರಿಡ್ ಕವಾಯತಿಗೆ ಮೀಸಲು ಎನ್ನುವುದು ನಮ್ಮ ವಿಭಾಗದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮೊದಲ ದಿನ ನಾನು ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಗೇಟಿನೊಳಗೆ ಬಂದಾಗ ಇನ್ನೂರು ಮಕ್ಕಳು ಸಾಲಾಗಿ ನಿಂತಿದ್ದರು. ಅವರ ಮುಂದೆ ಬಿಳಿ ಪ್ಯಾಂಟು, ಬಿಳಿ ಶರ್ಟು, ಸುಣ್ಣದಷ್ಟು ಬಿಳಿಯ ಬೂಟು ತೊಟ್ಟ, ಎತ್ತರದ, ಬಿಳಿ ಮೀಸೆಯ ಒಬ್ಬರು. ಕೊರಳಲ್ಲಿ ಸೀಟಿ. ನನ್ನನ್ನು ಕಂಡು ಸೀಟಿಯನ್ನು ಜೇಬಿಗೆ ಹಾಕಿಕೊಂಡರು.

"ನೀವs ಏನ್ರಿ, ಹಾಡಿನವರು?"

"ಹೌದ್ರಿ."

"ನಮ್ಮ ಕವಾಯತಿನ ಪೀರಿಡ್ ನಿಮಗ ಕೊಟ್ಟಾರಂತ. ನನ್ನ ಕೇಳಲಿಲ್ಲ ಯಾರೂ." ಇಷ್ಟು ಹೇಳಿ ನನ್ನ ಕೈಯಿಂದ ಪೆಟ್ಟಿಗೆ ಇಸಿದುಕೊಂಡು ತಾವೇ ಹೊತ್ತುಕೊಂಡು ನಡೆದರು. "ಇಷ್ಟ ಭಾರ ಹೊತ್ತು ಬಂದ್ರ ಹಾಡಾಕ ಉಸುರ ಎಲ್ಲಿ ಉಳೀತೈತ್ರಿ ಅಕ್ಕಾರ?" ಸಿಟ್ಟು ಒಂದು ಕಡೆ, ಭಾರ ಹೊರುವ ಕೆಲಸ ಒಂದು ಕಡೆ. ಅವರು ಎರಡನ್ನೂ ಒಂದೇ ಸಲ ಮಾಡಬಲ್ಲವರು ಎನ್ನುವುದು ಅವತ್ತೇ ಗೊತ್ತಾಯಿತು.

ನನ್ನ ಮೊದಲ ತರಗತಿ ಪೂರ್ತಿ ಕೆಟ್ಟಿತು. ಐದನೇ ತರಗತಿಯ ಕೋಣೆಯಲ್ಲಿ ಮಕ್ಕಳನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿ ಸ ರಿ ಗ ಮ ಹೇಳಿಕೊಟ್ಟೆ. ಹತ್ತು ನಿಮಿಷಕ್ಕೆ ಹಿಂದಿನವರು ಮುಂದಿನವರ ಜಡೆ ಎಳೆಯತೊಡಗಿದರು. ತೀನತಾಲ ಕೈಯಲ್ಲಿ ಹಾಕಿ ತೋರಿಸಿದೆ. ಹದಿನಾರು ಮಾತ್ರೆ, ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ, ಒಂಬತ್ತಕ್ಕೆ ಖಾಲಿ, ಅಂದರೆ ಕೈ ಸುಮ್ಮನೆ ಬೀಸಬೇಕು, ಸಪ್ಪಳ ಬರಬಾರದು. ಮಕ್ಕಳು ಎಲ್ಲ ಮಾತ್ರೆಗೂ ಚಪ್ಪಾಳೆ ಹೊಡೆದರು. ಒಂಬತ್ತಕ್ಕೆ ಇನ್ನೂ ಜೋರಾಗಿ ಹೊಡೆದರು.

ಪೀಟಿ ಸರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ ಇತ್ತು.

"ಅಕ್ಕಾರ, ಇನ್ನೊಮ್ಮೆ ಹೇಳ್ರಿ. ಹದಿನಾರು ಎಣಿಸಬೇಕು. ಒಂಬತ್ತನೇದ್ದು ಸಪ್ಪಳ ಮಾಡಬಾರದು. ಅಷ್ಟs ಹೌದಲ್ಲ?"

"ಅಷ್ಟs ರಿ."

"ಕುಂದ್ರಸಿದ್ರ ಬರಂಗಿಲ್ಲ ಅವಕ್ಕ. ಏಳ್ರೆಲೇ, ಎಲ್ಲಾರೂ ಹೊರಗ!"

ಬೇವಿನ ಮರದ ಕೆಳಗೆ ಸಾಲು ಹಚ್ಚಿಸಿದರು. ಉಗ್ರಾಣದಿಂದ ಲೇಜಿಮ್ ತರಿಸಿದರು. ಮರದ ಹಿಡಿಕೆಗೆ ಸರಪಳಿ, ಗೆಜ್ಜೆಬಿಲ್ಲೆ ಪೋಣಿಸಿದ ನಮ್ಮ ಕಡೆಯ ಕವಾಯತಿನ ವಾದ್ಯ. "ಹದಿನಾರು ಹೆಜ್ಜಿ. ಒಂದು, ಐದು, ಹದಿಮೂರಕ್ಕ ಲೇಜಿಮ್ ಝಣ್ ಅನ್ನಬೇಕು. ಒಂಬತ್ತಕ್ಕ ಕಾಲು ಗಾಳ್ಯಾಗ ನಿಲ್ಲಬೇಕು. ಯಾವನರ ಕಾಲು ನೆಲಕ್ಕ ಹತ್ತಿತು, ಮೈದಾನ ಸುತ್ತು ಹಾಕಸ್ತೀನಿ." ಕಾಲು ಗಂಟೆಯಲ್ಲಿ ನಲವತ್ತು ಮಕ್ಕಳು ತೀನತಾಲ ನಡೆಯುತ್ತಿದ್ದರು. ಒಂಬತ್ತನೇ ಹೆಜ್ಜೆಗೆ ನಲವತ್ತು ಕಾಲು ಒಟ್ಟಿಗೆ ಗಾಳಿಯಲ್ಲಿ. ನಾನು ಮೂರು ವರ್ಷ ತಬಲಾದ ಮುಂದೆ ಕೂತು ಕಲಿತದ್ದನ್ನು ಈ ಮನುಷ್ಯ ಸೀಟಿ ಊದಿ ಕಲಿಸಿಬಿಟ್ಟಿದ್ದರು. ಅವತ್ತಿನಿಂದ ನಮ್ಮ ತರಗತಿ ಮೈದಾನದಲ್ಲೇ ನಡೆಯಿತು. ನಾನು ಹಾಡು, ಅವರು ಹೆಜ್ಜೆ. ಕಸಿದುಕೊಂಡ ಪೀರಿಡ್ಡಿನ ಅರ್ಧ ಅವರಿಗೆ ಮರಳಿ ಸಿಕ್ಕಿತ್ತು. ಆದರೂ ಹೇಳುವುದನ್ನು ಮಾತ್ರ ಬಿಡಲಿಲ್ಲ.

ಅವರ ಬಗ್ಗೆ ಏನು ಹೇಳಲಿ? ಪ್ರತಿ ಸೋಮವಾರ ಮಕ್ಕಳ ಉಗುರು ನೋಡುತ್ತಿದ್ದರು. ಶನಿವಾರ ನನ್ನ ಉಗುರನ್ನೂ ಓರೆಗಣ್ಣಿನಿಂದ ನೋಡಿದ್ದು ನನಗೆ ಗೊತ್ತು. ಬಿದ್ದು ಮೊಣಕಾಲು ಕೆತ್ತಿಕೊಂಡ ಮಗುವಿಗೆ, "ಅಳು. ಐವತ್ತು ಎಣಿಸೋತನಕಾ ಅಳು. ಆಮ್ಯಾಲೆ ಸಾಕು" ಎಂದು ಹೇಳಿ ತಾವೇ ಎಣಿಸುತ್ತಿದ್ದರು. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಮಗುವೂ ಜೊತೆಗೆ ಎಣಿಸುತ್ತಿತ್ತು. ಎಣಿಕೆಯಲ್ಲಿ ಅವರಿಗೆ ಭಾಷೆಯ ಭೇದವಿರಲಿಲ್ಲ. ಒಂದು, ಎರಡು ಎಂದು ಶುರುವಾದದ್ದು ತೀನ್, ಚಾರ್ ಆಗಿ, ಪಾಚ್, ಸಹಾ ಎಂದು ಮರಾಠಿಗೆ ಹೊರಳಿ, ಹತ್ತಕ್ಕೆ ಕನ್ನಡಕ್ಕೆ ಬಂದು ನಿಲ್ಲುತ್ತಿತ್ತು. ಮಕ್ಕಳು ಯಾರೂ ತಪ್ಪುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಕಬ್ಬಿನ ಕಟಾವು ಶುರುವಾಯಿತು. ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವವರ ಟೋಳಿ ಬಂದು ಶಾಲೆಯ ಕಾಂಪೌಂಡಿನ ಆಚೆ ತಾಡಪತ್ರಿಯ ಗುಡಿಸಲು ಹಾಕಿದರು. ಅಪ್ಪ ಅವ್ವ ಹೊಲಕ್ಕೆ ಹೋದರೆ ಮಕ್ಕಳು ಗುಡಿಸಲಲ್ಲಿ. ಲೇಜಿಮ್ಮಿನ ಸಪ್ಪಳ ಕೇಳಿ ಏಳು ಮಕ್ಕಳು ಕಾಂಪೌಂಡಿಗೆ ಬಂದು ನಿಂತವು. ಅದರಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು, ರೂಪಾಲಿ, ಸೊಂಟದ ಮೇಲೆ ವರ್ಷದ ತಮ್ಮನನ್ನು ಹೊತ್ತಿದ್ದಳು.

ಪೀಟಿ ಸರ್ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು: "ಅಕ್ಕಾರ, ಆ ಹುಡುಗಿ ಪಾದ ನೋಡ್ರಿ."

ನೋಡಿದೆ. ಕೂಸು ಹೊತ್ತುಕೊಂಡೇ ಅವಳು ನೆಲದ ಮೇಲೆ ಹೆಜ್ಜೆ ಹಾಕುತ್ತಿದ್ದಳು. ಒಂಬತ್ತಕ್ಕೆ ಕಾಲು ಗಾಳಿಯಲ್ಲಿತ್ತು.

"ಆತ ಯೇ, ಬಾಳಾ. ಘಾಬರೂ ನಕೋ" ಎಂದು, ಒಳಗೆ ಬಾ, ಹೆದರಬೇಡ ಎಂದು ಮರಾಠಿಯಲ್ಲಿ ಕರೆದರು. ಏಳೂ ಮಕ್ಕಳು ಒಳಗೆ ಬಂದವು. ಪೀಟಿ ಸರ್ ಲೇಜಿಮ್ ಅವಳ ಕೈಗೆ ಕೊಟ್ಟು ಕೂಸನ್ನು ತಾವು ಎತ್ತಿಕೊಂಡರು. ಕೂಸು ಅವರ ಕೊರಳಿನ ಸೀಟಿ ಹಿಡಿದು ಬಾಯಿಗಿಟ್ಟುಕೊಂಡಿತು. ಹಾಡು ಅರ್ಧಕ್ಕೆ ಬಂದಾಗ ಒಮ್ಮೆಲೇ ಸೀಟಿ ಊದಿತು. ನಲವತ್ತು ಮಕ್ಕಳೂ ಹಾಡು ನಿಲ್ಲಿಸಿ, ಹಿಮ್ಮಡಿ ಕೂಡಿಸಿ, ಸಾವಧಾನ ಭಂಗಿಯಲ್ಲಿ ನಿಂತುಬಿಟ್ಟರು! ಕೂಸಿಗೆ ಈ ಅಧಿಕಾರ ಹಿಡಿಸಿತು. ಆ ದಿನ ನಮ್ಮ ಹಾಡು ಹನ್ನೊಂದು ಸಲ ನಿಂತಿತು.

ಮುಖ್ಯೋಪಾಧ್ಯಾಯರು ಒಳ್ಳೆಯವರು, ಆದರೆ ಅಂಜುಬುರುಕರು. "ಸರ, ಈ ಮಕ್ಕಳ ದಾಖಲಾತಿ ಇಲ್ಲ. ನಾಳೆ ಏನಾರ ಆದ್ರ ಯಾರ ಜವಾಬ್ದಾರಿ?" ಎಂದು ಕೇಳಿದರು.

"ಕ್ಲಾಸಿನಾಗ ಕುಂದ್ರಸಿಲ್ರಿ ಸರ, ಮೈದಾನದಾಗ ನಿಲ್ಲಿಸೀನಿ. ಮೈದಾನಕ್ಕ ಹಾಜರಿ ಎಲ್ಲಿ ಐತ್ರಿ?"

ಮುಖ್ಯೋಪಾಧ್ಯಾಯರು ಒಂದು ಕ್ಷಣ ಯೋಚಿಸಿ, ಹೌದಲ್ಲ ಎನ್ನುವಂತೆ ತಲೆಯಾಡಿಸಿ ಒಳಗೆ ಹೋದರು. ಮರುವಾರದಿಂದ ಬಿಸಿಯೂಟದ ಅಡುಗೆಯವರಿಗೆ, "ಶನಿವಾರ ಏಳು ತಾಟು ಹೆಚ್ಚಿಗಿ ಇಡ್ರಿ" ಎಂದು ಹೇಳಿದವರೂ ಅವರೇ.

ರೂಪಾಲಿಗೆ ಒಂದು ಹಾಡು ಬರುತ್ತಿತ್ತು. ಕಡಿದ ಕಬ್ಬಿನ ಹೊರೆಗಳನ್ನು ಟ್ರ್ಯಾಲಿಗೆ ಏರಿಸುವಾಗ ಅವಳ ಅವ್ವ ಹಾಡುವುದಂತೆ: ಇದು ಒಂದನೇ ಹೊರೆ, ಇದು ನನ್ನ ತವರಿಗೆ, ಇದು ಎರಡನೇ ಹೊರೆ, ಇದು ಎತ್ತಿನ ಕೊರಳ ಗಂಟೆಗೆ, ಹೀಗೆ ಒಂದೊಂದು ಹೊರೆಯೂ ಯಾರಿಗೋ ಸಲ್ಲುತ್ತಾ ಹೋಗುತ್ತದೆ. ನಾವು ಅದನ್ನೇ ಹಿಡಿದೆವು. ಮರಾಠಿಯ ಸಾಲು ಆ ಏಳು ಮಕ್ಕಳದು, ಅದಕ್ಕೆ ನಾನು ಕಟ್ಟಿದ ಕನ್ನಡದ ಸಾಲು ನಮ್ಮ ಮಕ್ಕಳದು. ಸಂಕ್ರಾಂತಿಯ ಹೊತ್ತಿಗೆ ಯಾರ ಸಾಲು ಯಾರದೆಂದು ಮಕ್ಕಳಿಗೇ ಮರೆತುಹೋಗಿತ್ತು.

ಆಗ ವಿಶ್ವವಿದ್ಯಾಲಯದಿಂದ ಪಟ್ಟಿ ಕೇಳಿದರು. ಸಭಾಭವನಕ್ಕೆ ಬರುವ ಮಕ್ಕಳ ಹೆಸರು, ಶಾಲೆಯ ದಾಖಲಾತಿ ಸಂಖ್ಯೆ. ದಾಖಲಾತಿ ಇಲ್ಲದ ಮಕ್ಕಳನ್ನು ಬಸ್ಸಿನಲ್ಲಿ ಕರೆತರುವಂತಿಲ್ಲ, ವಿಮೆ ಇರುವುದಿಲ್ಲ ಎಂದು ನಮ್ಮ ವಿಭಾಗದ ಹಿರಿಯ ಮೇಡಂ ಸ್ಪಷ್ಟವಾಗಿ ಹೇಳಿದರು. ನಾನು ಎದುರು ಮಾತಾಡಲಿಲ್ಲ. ಮೇಡಂ ಎಂದರೆ ನನಗೆ ಭಯ; ಅಂಕ ಎಂದರೆ ಇನ್ನೂ ಭಯ. ನಲವತ್ತು ಹೆಸರು ಬರೆದು ಸಹಿ ಮಾಡಿ ಕೊಟ್ಟೆ. ಆ ಏಳು ಹೆಸರು ಅದರಲ್ಲಿ ಇರಲಿಲ್ಲ.

ಶನಿವಾರ ಪಟ್ಟಿಯ ಪ್ರತಿಯನ್ನು ಪೀಟಿ ಸರ್ ಕೈಗೆ ಕೊಟ್ಟೆ. ಅವರು ಮೇಲಿಂದ ಕೆಳಗೆ ಓದಿ, ಕೆಳಗಿಂದ ಮೇಲೆ ಮತ್ತೊಮ್ಮೆ ಓದಿದರು.

"ಕೊಟ್ಟು ಬಂದೀರೇನು?"

"ಹೌದ್ರಿ ಸರ."

"ಆತು."

ಅಷ್ಟೇ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವತ್ತು ಎಂದಿನಂತೆ ಹೆಜ್ಜೆ ಹಾಕಿಸಿದರು, ಕೂಸನ್ನು ಎತ್ತಿಕೊಂಡರು, ನಕ್ಕರು. ನಾನು ಮಾತ್ರ ರೂಪಾಲಿಯ ಮುಖ ನೋಡಲಾರದೆ ಹಾರ್ಮೋನಿಯಂ ಮನೆಗಳನ್ನೇ ನೋಡುತ್ತ ಕೂತೆ. ಟಂಟಂ ಹತ್ತುವಾಗ ಅವರು ಕೇಳಿದರು: "ಸೋಮವಾರ ನಿಮ್ಮ ಮೇಡಂ ಎಷ್ಟಕ್ಕ ಬರತಾರ?"

ಸೋಮವಾರ ಮಧ್ಯಾಹ್ನ ಅದೇ ಬಿಳಿ ಉಡುಪಿನಲ್ಲಿ ಬೆಳಗಾವಿಗೆ ಬಂದರು. ಮೇಡಂ ಕೋಣೆಯಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇಡಮ್ಮಾರ, ಬಸ್ಸಿಗೆ ವಿಮಾ ಇಲ್ಲ ಅಂದ್ರ ಬಸ್ ಬ್ಯಾಡ್ರಿ. ನೀವs ನಮ್ಮಲ್ಲಿ ಬರ್ರಿ. ನಮ್ಮ ಸಾಲಿ ಹಾಡು ನಮ್ಮ ಮೈದಾನದಾಗ ಕೇಳ್ರಿ."

"ಮೈಕ್, ಸೌಂಡ್ ಸಿಸ್ಟಮ್ ಎಲ್ಲಿದೆ ಅಲ್ಲಿ?"

"ಕಬ್ಬಿನ ಟ್ರ್ಯಾಕ್ಟರ್ ನೋಡಿಲ್ಲೇನ್ರಿ ನೀವು? ನಮ್ಮ ಹಿಂದಿನ ಓಣಿಯಾವನ ಟ್ರ್ಯಾಕ್ಟರಿನ್ಯಾಗ ನಾಲ್ಕು ಬಾಕ್ಸ್ ಅದಾವ. ಹಾಡು ಹಚ್ಚಿದ್ರ ಕಾಗವಾಡಕ್ಕ ಕೇಳತೈತಿ."

ಮೇಡಂ ಮುಖ ಗಂಟಿಕ್ಕಿಕೊಂಡೇ ಇತ್ತು. "ಪ್ರತಿ ಶಾಲೆಗೂ ಹೀಗೆ ಮಾಡುತ್ತ ಹೋದರೆ ಆಗುವುದಿಲ್ಲ" ಅಂದರು. ಪೀಟಿ ಸರ್ ದನಿ ಏರಿಸಲಿಲ್ಲ. "ಮೇಡಮ್ಮಾರ, ನಾ ಮೂವತ್ತು ವರ್ಷ ಆಟ ಆಡಿಸೀನಿ. ಹುಡುಗರು ಹೆಚ್ಚಾದ್ರ ಇನ್ನೊಂದ್ ಸಾಲು ಹಚ್ಚತೀವಿ. ನೀ ಹೋಗು ಅಂತ ಯಾರಿಗೂ ಹೇಳಿಲ್ಲ. ಹೇಳಾಕ ನನಗ ಬರಂಗಿಲ್ರಿ." ಆಮೇಲೆ ನನ್ನ ಕಡೆ ಕೈ ಮಾಡಿ, "ಈ ಅಕ್ಕಾರಿಗೂ ಬರಂಗಿಲ್ಲ. ಶನಿವಾರ ಇಡೀ ದಿನ ತೆಲಿ ಎತ್ತಲಿಲ್ಲ ಅವರು" ಅಂದರು.

ಮೇಡಂ ನನ್ನ ಕಡೆ ನೋಡಿದರು. ನನಗೆ ಬಾಯಿ ಬಂತು. "ಮೇಡಂ, ಆ ಹಾಡೇ ಆ ಹುಡುಗಿಯದು" ಅಂದೆ. ಅವರು ಕೇಳದೆಯೇ ನಾನು ಅವರ ಮುಂದೆ ಆಡಿದ ಮೊದಲ ಮಾತು ಅದು.

ಮೇಡಂ ಪಟ್ಟಿಯನ್ನು ಎಳೆದುಕೊಂಡು ಒಮ್ಮೆ ನೋಡಿ ಕೇಳಿದರು: "ಅಲ್ಲಿ ನೆರಳಿದೆಯಾ?"

"ಬೇವಿನ ಗಿಡಾನ ಐತ್ರಿ!"

ಸಂಜೆ ಐದೂವರೆಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಅವರು ಬುತ್ತಿ ಬಿಚ್ಚಿದರು. ಅವರದು ಜೈನ ರೈತರ ಮನೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಗಟ್ಟಿ ಮೊಸರು. ಅರ್ಧ ನನಗೆ ಕೊಟ್ಟರು. "ಉಣ್ಣರಿ. ಇವತ್ತ ಭಾಳ ಮಾತಾಡೀರಿ" ಎಂದು ನಕ್ಕರು. ನಾನು ಆಡಿದ್ದು ಒಂದೇ ಮಾತು.

ಮುಂದಿನ ಶನಿವಾರ ಮೇಡಂ ಬರುವುದೆಂದಾಯಿತು. ಗುರುವಾರ ಪೀಟಿ ಸರ್ ಫೋನು ಬಂತು. ಈ ಭಾಗದ ಕಬ್ಬು ಮುಗಿದು, ಟೋಳಿಯನ್ನು ಕರೆತಂದಿದ್ದ ಮುಕಾದಮ ಅವರನ್ನು ಬೇರೆ ಕಡೆ ಒಯ್ದಿದ್ದ. ಗುಡಿಸಲುಗಳಿದ್ದ ಜಾಗದಲ್ಲಿ ಬರೀ ಒಲೆಯ ಕಲ್ಲು.

"ಹಂಗಾರ ಮೇಡಂಗ ಬ್ಯಾಡ ಅನ್ಲೇನ್ರಿ ಸರ?" ಎಂದು ಕೇಳಿದೆ.

"ಬರಾಕ ಹೇಳ್ರಿ. ಹುಡುಕ್ತೀನಿ ನಾ."

ತಾಲೂಕಿನ, ಜಿಲ್ಲೆಯ ಕ್ರೀಡಾಕೂಟಗಳಲ್ಲಿ ಕಬಡ್ಡಿಯ ತೀರ್ಪು ಕೊಡುವ ಪಂಚರಾಗಿ ಅವರು ಎಷ್ಟೋ ವರ್ಷ ದುಡಿದಿದ್ದರು. ಹೀಗಾಗಿ ಐದೂ ತಾಲೂಕಿನ ಪೀಟಿ ಮಾಸ್ತರರೆಲ್ಲ ಅವರಿಗೆ ಗೊತ್ತು. ಅವತ್ತು ಮಧ್ಯಾಹ್ನವೆಲ್ಲ ಒಬ್ಬೊಬ್ಬರಿಗೇ ಫೋನು ಹಚ್ಚಿದರು: ನಿಮ್ಮ ಕಡೆ ಹೊಸ ಟೋಳಿ ಬಂದೈತೇನು, ಅದರೊಳಗೆ ಸೀಟಿ ಊದುವ ಕೂಸು ಐತೇನು? ಹೌದು, ಕೂಸು ಹೋಗುವಾಗ ಸೀಟಿಯನ್ನೂ ಒಯ್ದಿತ್ತು! ಶುಕ್ರವಾರ ಮುಂಜಾನೆ ಕೊಕಟನೂರ ಕಡೆಯ ಒಬ್ಬ ಪೀಟಿ ಮಾಸ್ತರರಿಂದ ಉತ್ತರ ಬಂತು. "ಐತಿ ಸರ. ರಸ್ತೆದಾಗ ಹೋಗಾಕತ್ತಿದ್ದೆ, ಹಿಂದಿಂದ ಸೀಟಿ ಕೇಳಿ ಗಾಡಿ ನಿಲ್ಲಿಸಿಬಿಟ್ಟೆ. ಪೊಲೀಸ ಅನಕೊಂಡಿದ್ದೆ."

ಶನಿವಾರ ಮೇಡಂ ಬಂದರು. ನಲವತ್ತು ಮಕ್ಕಳು ಹಾಡಿದರು, ಲೇಜಿಮ್ ಹೊಡೆದರು. ಟ್ರ್ಯಾಕ್ಟರಿನ ಬಾಕ್ಸುಗಳು ಮೊದಲ ಸಲ ಇಷ್ಟು ಸೌಮ್ಯವಾಗಿ ಬಳಕೆಯಾದವು. ಸಾಲಿನ ನಡುನಡುವೆ ಏಳು ಕಡೆ ಜಾಗ ಬಿಟ್ಟಿತ್ತು. ಅದೇಕೆ ಎಂದು ಮೇಡಂ ಕೇಳಿದಾಗ ಎರಡನೇ ಸಾಲಿನ ಒಬ್ಬ ಹುಡುಗಿ, "ಅದು ರೂಪಾಲೀದು ರೀ. ಅದು ಆಕಿ ಕಾಕಾನ ಮಗಂದು" ಎಂದು ಬೆರಳು ಮಾಡಿ ಒಂದೊಂದೇ ಹೇಳುತ್ತ ಹೋದಳು. ಅವರೆಲ್ಲ ಈಗ ಕೊಕಟನೂರ ಕಡೆ ಕಟಾವಿಗೆ ಹೋಗಿದ್ದಾರೆಂದು ನಾನು ಹೇಳಿದೆ. ಮೇಡಂ ಕೇಳಿಸಿಕೊಂಡು ಎದ್ದು ನಿಂತರು. "ಕೊಕಟನೂರ ಎಷ್ಟು ದೂರ?" ಅಂದರು.

ಒಂದೂವರೆ ತಾಸಿನ ದಾರಿ. ವಿಶ್ವವಿದ್ಯಾಲಯದ ಜೀಪಿನಲ್ಲಿ ಮೇಡಂ, ಪೀಟಿ ಸರ್, ನಾನು, ಕಾಲಡಿಯಲ್ಲಿ ಲೇಜಿಮ್ಮಿನ ಚೀಲ. ಅರ್ಧ ಕಡಿದ ಕಬ್ಬಿನ ಹೊಲದಲ್ಲಿ ಮಕ್ಕಳು ಸಿಕ್ಕರು. ಪೀಟಿ ಸರನ್ನು ಕಂಡದ್ದೇ ಕೂಸು ಕೈಚಾಚಿ ಅವರ ಮೈಮೇಲೆ ಹಾರಿತು. ಊಟಕ್ಕೆ ಕೂತಿದ್ದ ಹೆಂಗಸರು ಬುತ್ತಿ ಬದಿಗಿಟ್ಟು ಸುತ್ತ ಸೇರಿದರು. ಏಳು ಮಕ್ಕಳು ಹೊಲದ ಬದುವಿನ ಮೇಲೆ ನಿಂತು ಹಾಡಿದರು. ರೂಪಾಲಿ ಎತ್ತಿದ ದನಿ ನೇರವಾಗಿ ಹೋಗಿ ಕಬ್ಬಿನ ಗರಿಗಳಿಗೆ ತಾಗುತ್ತಿತ್ತು.

ಮೇಡಂ ಕಬ್ಬಿನ ರವದಿಯ ಮೇಲೆ, ಒಣಗರಿಗಳು ರೇಷ್ಮೆ ಸೀರೆಗೆ ಹತ್ತಿದರೂ ಲೆಕ್ಕಿಸದೆ ಕೂತುಬಿಟ್ಟರು. "ಇನ್ನೊಮ್ಮೆ ಹಾಡು" ಅಂದರು. ಪುಸ್ತಕ ತೆಗೆದು ಸ್ವರ ಹಾಕಿಕೊಂಡರು. ಆಮೇಲೆ ತಾವೇ ಹಾಡಿ ತೋರಿಸಿದರು. ನಲವತ್ತು ವರ್ಷ ಸಾಧನೆ ಮಾಡಿದ ಕಂಠ. ರೂಪಾಲಿ ತಲೆ ಓರೆ ಮಾಡಿ ಕೇಳಿ, "ಅಸಂ ನಾಹಿ" ಅಂದಳು. ಹಾಗಲ್ಲ. ಮೇಡಂ ಇನ್ನೊಮ್ಮೆ ಹಾಡಿದರು. "ಅಸಂ ನಾಹಿ." ಮೂರನೇ ಸಲ ಹಾಡಿದಾಗ ಹುಡುಗಿ ಸ್ವಲ್ಪ ಯೋಚಿಸಿ, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದಳು. ಪೀಟಿ ಸರ್ ನಕ್ಕ ನಗೆಗೆ ಅವರ ತೋಳಿನಲ್ಲಿದ್ದ ಕೂಸು ಬೆಚ್ಚಿ, ಆಮೇಲೆ ತಾನೂ ನಕ್ಕಿತು. ಸುತ್ತಲಿನ ಹೆಂಗಸರೂ ನಕ್ಕರು. ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಡಂ.

ಪಟ್ಟಿ ಮುಂದೆ ನಲವತ್ತೇಳು ಹೆಸರಿನದಾಯಿತು. ದಾಖಲಾತಿ ಸಂಖ್ಯೆಯ ಕಡೆ ಏಳು ಮಕ್ಕಳಿಗೆ ಮೇಡಂ ತಮ್ಮ ಕೈಯಿಂದಲೇ "ನಾನು ಕೇಳಿದ್ದೇನೆ" ಎಂದು ಬರೆದರು. ಮರುವರ್ಷದಿಂದ ಕೊನೆಯ ಹಾಡು ಸಭಾಭವನದಲ್ಲಿ ನಡೆಯಲಿಲ್ಲ. ಆಯಾ ಶಾಲೆಯ ಮೈದಾನದಲ್ಲೇ ನಡೆಯಿತು. ಪೀಟಿ ಸರ್ ಅಷ್ಟಕ್ಕೇ ಬಿಡಲಿಲ್ಲ. ಟೋಳಿ ಎಲ್ಲಿಗೆ ಹೋದರೂ ಆ ಊರಿನ ಪೀಟಿ ಮಾಸ್ತರರಿಗೆ ಮೊದಲೇ ಫೋನು ಹೋಗುತ್ತಿತ್ತು: "ಹುಡುಗ್ರು ಬರಾಕತ್ತಾವ. ಗೇಟ್ ತೆರದ ಇಡ್ರಿ." ರಾಯಬಾಗದ ಕಡೆ, ನಿಪ್ಪಾಣಿಯ ಕಡೆ, ಎಷ್ಟೋ ಮೈದಾನಗಳ ಗೇಟು ಹೀಗೆ ತೆರೆಯಿತು. ಕೆಲವು ಶಾಲೆಗಳಲ್ಲಿ ಮಕ್ಕಳು ಮೈದಾನ ದಾಟಿ ತರಗತಿಗೂ ಹೋದರು. ರೂಪಾಲಿಯ ಟೋಳಿ ಎರಡು ಹಂಗಾಮು ಬಂತು, ಆಮೇಲೆ ಬರಲಿಲ್ಲ. ಅವಳು ಈಗ ಎಲ್ಲಿದ್ದಾಳೋ ನಮಗೆ ತಿಳಿಯದು.

ಬೀಳ್ಕೊಡುಗೆಗೆ ಐದು ತಾಲೂಕಿನ ಪೀಟಿ ಮಾಸ್ತರರು ಬಂದಿದ್ದರು. ಭಾಷಣ ಮಾಡಿ ಎಂದರೆ ಅವರು, "ನೆರಳಾಗ ಕುಂದರ್ರಿ ಎಲ್ಲಾರೂ, ಬಿಸಿಲೈತಿ" ಎಂದಷ್ಟೇ ಹೇಳಿ ಮೈಕು ಕೆಳಗಿಟ್ಟರು. ನನಗೆ ಬೇಸರವಾಯಿತು. ಇನ್ನೂ ಏನಾದರೂ ಹೇಳಬೇಕಾಗಿತ್ತು ಅನಿಸಿತ್ತು.

ಮೊನ್ನೆ ಭಾನುವಾರ ಮಧ್ಯಾಹ್ನ ಅವರ ಫೋನು ಬಂತು. ನಾನೀಗ ಚಿಕ್ಕೋಡಿಯ ಒಂದು ಶಾಲೆಯಲ್ಲಿ ಸಂಗೀತದ ಶಿಕ್ಷಕಿ. ಏನೋ ಕಾರ್ಯಕ್ರಮವಿರಬೇಕೆಂದು ಪೆನ್ನು ಹಿಡಿದು ಕೂತೆ.

"ಅಕ್ಕಾರ, ಮೊಮ್ಮಗಳು ಹುಟ್ಟ್ಯಾಳ. ತೊಟ್ಟಲಾ ತೂಗೋ ಕೆಲಸ ನನಗ ಕೊಟ್ಟಾರ. ಆದ್ರ ತೂಗಾಕ ಕುಂತ್ರ ಬಾಯಾಗ 'ಎಡಾ ಬಲಾ, ಎಡಾ ಬಲಾ' ಬಿಟ್ರ ಬ್ಯಾರೆ ಬರವಲ್ದು. ಕೂಸು ಕಣ್ಣ ತಗದು ಎದ್ದ ಬಿಡತೈತಿ. ಮನ್ಯಾಗ ಬೈಯಾಕತ್ತಾರ. ಒಂದ್ ಜೋಗುಳ ಕಲಸ್ರಿ."

ಫೋನಿನಲ್ಲೇ ಮೊದಲ ಸಾಲು ಹಾಡಿದೆ. ಅವರು ಹಿಂದಿನಿಂದ ಹಾಡಿದರು. ಶ್ರುತಿ ಎಲ್ಲೋ ಶಿರಗುಪ್ಪಿಯ ಆಚೆಗೆ ಹೋಗಿತ್ತು, ಆದರೆ ತೊಟ್ಟಿಲಿನ ಕಿರುಗುಟ್ಟುವ ಸಪ್ಪಳ ಹಾಡಿನ ಜೊತೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಎರಡನೇ ಸಾಲು, ಮೂರನೇ ಸಾಲು. ಆ ಕಡೆ ಕೂಸಿನ ಅಳು ನಿಂತಿತು.

"ಮಲಗಿತೇನ್ರಿ ಸರ?" ಎಂದು ಪಿಸುಗುಟ್ಟಿದೆ.

"ಇಲ್ರಿ" ಎಂದು ಅವರೂ ಪಿಸುಗುಟ್ಟಿದರು. "ಕಣ್ಣ ಬಿಟ್ಟು ನನ್ನs ನೋಡಾಕತ್ತೈತಿ. ಇನ್ನೊಮ್ಮೆ ಹೇಳ್ರಿ."